ಎಲ್ಲಕ್ಕೂ ಮೇಲಿನ ಚುಕ್ಕೆ

"ಚೀಟಿ ಇಲ್ಲ ಅಂದ್ರೆ ರಜೆ ಇಲ್ಲ. ಇಷ್ಟೇ ಮೇಡಂ ನಮ್ಮ ಡಿಪೋದ ಕಾನೂನು," ಎಂದರು ಬಸ್ ಡಿಪೋದ ಡಾಕ್ಟರು, ಕುತ್ತಿಗೆಯ ಸ್ಟೆತಾಸ್ಕೋಪನ್ನು ತೆಗೆದು ಗೋಡೆಯ ಮೊಳೆಗೆ ನೇತುಹಾಕುತ್ತ.

"ಇವತ್ತು ಜ್ವರ ಬಂತು ಅಂತಿಟ್ಕೊಳ್ಳಿ. ನಾಳೆ ಬಂದು ಚೀಟಿ ಕೇಳಿದ್ರೆ?"

"ಕೊಡೋ ಹಾಗಿಲ್ಲ. ಆ ದಿನದ ಜ್ವರಕ್ಕೆ ಆ ದಿನವೇ ಚೀಟಿ. ಮಾರನೇ ದಿನ ಬಂದ್ರೆ ಗೈರುಹಾಜರಿ. ಅದಕ್ಕೇ ನಮ್ಮವರು ಮೈ ಒಂಚೂರು ಬೆಚ್ಚಗಾದ್ರೂ ಸಾಕು, ಕೊನೇ ಪ್ಯಾಸೆಂಜರನ್ನ ಇಳಿಸಿ ಬಸ್ಸನ್ನ ಸೀದಾ ನನ್ನ ಬಾಗಿಲಿಗೇ ತರ್ತಾರೆ. ನನ್ನ ಹೆಸರೇ ಮರೆತುಹೋಗಿದೆ ಇವರಿಗೆ. ಚೀಟಿ ಡಾಕ್ಟ್ರು ಅಂತಾರೆ."

"ಬೆನ್ನ ಹಿಂದೆನಾ, ಎದುರಿಗೇನಾ?"

"ಮೊದಲು ಬೆನ್ನ ಹಿಂದೆ ಅಂತಿದ್ರು. ಈಗ ಬಾಗಿಲ ಬೋರ್ಡಲ್ಲೇ ಯಾರೋ ಬರೆದಿದಾರೆ, ನೋಡಿ."

ಇನ್ನೊಂದು ದಿನವಾಗಿದ್ದರೆ ಇನ್ಸ್‌ಪೆಕ್ಟರಮ್ಮ ನಕ್ಕುಬಿಡುತ್ತಿದ್ದಳು. ಇವತ್ತು ನಗು ಬರಲಿಲ್ಲ. ಊರಿಗೆ ಜ್ವರ ಹಬ್ಬಿಸಿದವನೆಂದು ಲಾಕಪ್ಪಿನಲ್ಲಿ ಕೂತಿದ್ದ ಬಸ್ ಡ್ರೈವರನ್ನು ನಾಳೆ ಬೆಳಿಗ್ಗೆ ಅವಳೇ ಕೋರ್ಟಿಗೆ ಒಪ್ಪಿಸಬೇಕಿತ್ತು. ಒಪ್ಪಿಸಿದರೆ ಅವನು ಹೊರಗೆ ಬರುವ ಹೊತ್ತಿಗೆ ಅವನ ಹಸುಗೂಸು ಶಾಲೆಗೆ ಹೋಗುತ್ತಿರುತ್ತದೆ.

"ಮೆಲ್ಲಣ್ಣ ಯಾವತ್ತು ಬಂದ?" ಎಂದು ಕೇಳಿದಳು. ಅವನು ಬಸ್ಸನ್ನು ಎತ್ತಿನ ಗಾಡಿಯಂತೆ ಓಡಿಸುತ್ತಾನೆಂದು ಪ್ರಯಾಣಿಕರು ಇಟ್ಟ ಹೆಸರು ಅದು. ಪೊಲೀಸ್ ಕಾಗದಗಳಲ್ಲೂ ಅದೇ ಸೇರಿಕೊಂಡಿತ್ತು.

"ಗುರುವಾರ. ಸಂಜೆ ಟ್ರಿಪ್ಪು ಮುಗಿಸಿ ಬಂದ. ಕಣ್ಣು ಕೆಂಡ ಆಗಿತ್ತು. ನಾನೇ ಆಸ್ಪತ್ರೆಗೆ ಕಳಿಸಿದೆ."

"ಅದಕ್ಕೂ ಮೊದಲೇ ಜ್ವರ ಇದ್ದಿರಬಹುದಾ?"

"ಇದ್ದಿದ್ರೆ ಮೊದಲೇ ಬರ್ತಿದ್ದ. ಹಕ್ಕಿನ ರಜೇನ ಯಾರು ಬಿಡ್ತಾರೆ ಮೇಡಂ?"

"ಮತ್ತೆ ಊರಿನ ಬೇರೆ ಜನ?"

ಡಾಕ್ಟರು ಕೈಬೆರಳು ಮಡಿಸುತ್ತ ಹೋದರು. "ಮೊದಲು ಬಿಸಿನೀರು. ಆಮೇಲೆ ಪಕ್ಕದ ಮನೆಯವರ ಸಲಹೆ. ಆಮೇಲೆ ಔಷಧಿ ಅಂಗಡಿಯವನ ಮಾತ್ರೆ. ಕೊನೆಗೆ, ಇನ್ನಾಗಲ್ಲಪ್ಪ ಅಂತಾದ ಮೇಲೆ, ಡಾಕ್ಟ್ರು. ನಾವು ಯಾವತ್ತೂ ಕೊನೇ ಸ್ಟಾಪು."

ಇನ್ಸ್‌ಪೆಕ್ಟರಮ್ಮ ಎದ್ದಳು. ಎರಡು ವಾರದಿಂದ ಅವಳ ಕಣ್ಣಿಗೆ ಬಿದ್ದ ಕಸದಂತೆ ಚುಚ್ಚುತ್ತಿದ್ದದ್ದು ಏನೆಂದು ಈಗ ಕೈಗೆ ಸಿಕ್ಕಿತ್ತು.

ಮೆಲ್ಲಣ್ಣನ ವಿರುದ್ಧ ನೋಡಿದ ಸಾಕ್ಷಿ ಒಬ್ಬರೂ ಇರಲಿಲ್ಲ. ಇದ್ದದ್ದು ಒಂದು ಲೆಕ್ಕ. ರೋಗ ಯಾರಿಂದ ಯಾರಿಗೆ ಹೇಗೆ ಹರಡಿತೆಂದು ಆರೋಗ್ಯ ಇಲಾಖೆಯ ಗಣಿತ ವಿಭಾಗ ಹಾಕಿಕೊಟ್ಟ ಲೆಕ್ಕ. ಪ್ರತಿ ರೋಗಿಗೆ ಒಂದು ಚುಕ್ಕೆ, ಅಂಟಿಸಿದವನಿಂದ ಅಂಟಿಸಿಕೊಂಡವನಿಗೆ ಒಂದು ಗೆರೆ. ಗೆರೆ ಹಿಡಿದು ಮೇಲೆ ಮೇಲೆ ಹೋದರೆ ತುತ್ತತುದಿಯಲ್ಲಿ ಒಂದೇ ಚುಕ್ಕೆ, ಮೆಲ್ಲಣ್ಣ.

ಲೆಕ್ಕದ ವಾದವೂ ನೋಡಲು ನೇರವಾಗಿತ್ತು. ಜ್ವರ ಬಂದ ದಿನವೇ ಯಾರೂ ಆಸ್ಪತ್ರೆಗೆ ಬರುವುದಿಲ್ಲ, ಕೆಲವು ದಿನ ಮನೆಯಲ್ಲಿ ನರಳಿ ಬರುತ್ತಾರೆ. ಆದ್ದರಿಂದ ಪ್ರತಿಯೊಬ್ಬರನ್ನೂ ಊರಿನ ಸರಾಸರಿ ತಡದಷ್ಟು ಹಿಂದಕ್ಕೆ ಸರಿಸಿದರೆ ನಿಜವಾಗಿ ಜ್ವರ ಹತ್ತಿದ ದಿನ ಸಿಗುತ್ತದೆ. ಹಾಗೆ ಸರಿಸಿದಾಗ ಗುರುವಾರದ ಮೆಲ್ಲಣ್ಣ ಭಾನುವಾರಕ್ಕೆ ಹೋಗಿ ಎಲ್ಲರಿಗಿಂತ ಮುಂದೆ ನಿಂತಿದ್ದ. ಭಾನುವಾರದಿಂದ ಗುರುವಾರದವರೆಗೆ ಜ್ವರ ಮುಚ್ಚಿಟ್ಟುಕೊಂಡು ಬಸ್ ಓಡಿಸಿದ, ಅದರಿಂದ ಜನ ಸತ್ತರು. ಇದೇ ಅವನ ಮೇಲಿದ್ದ ಆರೋಪ.

ಆದರೆ ಡಿಪೋದವನು ಅದೇ ದಿನ ಬರುತ್ತಾನೆ! ಅವನನ್ನು ಹಿಂದಕ್ಕೆ ಸರಿಸುವ ಹಾಗೇ ಇರಲಿಲ್ಲ. ಮುಚ್ಚಿಟ್ಟುಕೊಂಡದ್ದು ಮೆಲ್ಲಣ್ಣನಲ್ಲ. ಆ ಭಾನುವಾರವನ್ನು ಅವನ ತಲೆಗೆ ಕಟ್ಟಿದ್ದು ಲೆಕ್ಕ.

ಬೇಗ ಬಂದು ಹೇಳಿದವನೇ ಕಳ್ಳನಾಗಿದ್ದ. ತಡ ಮಾಡಿದವರೆಲ್ಲ ಸಾಚಾಗಳು.

* * *

ಠಾಣೆಯ ಮುಂದೆ ಜೀಪು ಒಂದು ನಿಮಿಷ ನಿಂತಿತು. ಜಗಲಿಯ ಬೆಂಚಿನ ಮೇಲೆ ಮೆಲ್ಲಣ್ಣನ ಹೆಂಡತಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಬಂಧನವಾದ ದಿನದಿಂದ ಅದೇ ಬೆಂಚು, ಅದೇ ಮೂಲೆ.

"ಊಟ ಮಾಡಿದ್ಯೇನಮ್ಮ?"

"ಮಗು ಕುಡೀತು ಮೇಡಂ."

"ಮಗೂನ ಕೇಳಲಿಲ್ಲ, ನಿನ್ನ ಕೇಳಿದೆ."

ಅವಳು ತಲೆ ತಗ್ಗಿಸಿದಳು. ಇನ್ಸ್‌ಪೆಕ್ಟರಮ್ಮ ದಫೇದಾರನನ್ನು ಕರೆದು ಆಕೆಗೆ ಏನಾದರೂ ತಿನ್ನಲು ತರಿಸುವಂತೆ ಹೇಳಿದಳು. ದಫೇದಾರ ದೊಡ್ಡ ಹೊಟ್ಟೆಯ, ಅದಕ್ಕಿಂತ ದೊಡ್ಡ ಮನಸ್ಸಿನ ಮನುಷ್ಯ. ಮೊದಲೇ ಎರಡು ಸಲ ತರಿಸಿದ್ದ, ಆಕೆ ಮುಟ್ಟಿರಲಿಲ್ಲ.

"ಎಲ್ಲಿಗೆ ಮೇಡಂ ಹೊರಟಿದ್ದು?" ಎಂದು ಕೇಳಿದ.

"ಭಾವನ ಹತ್ರ."

ದಫೇದಾರ ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ಅವನು ಒಳಗೆ ಓಡಿದ, ಜೀಪು ಹೊರಟಿತು.

ಹೌದು, ಗಣಿತ ವಿಭಾಗದ ಮುಖ್ಯಸ್ಥರು ಅವಳ ಭಾವ, ಸ್ವಂತ ಅಕ್ಕನ ಗಂಡ. ಅಕ್ಕ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು, ಇದೇ ಜ್ವರದಲ್ಲಿ ಹೋದಳು. ಈ ಕೇಸು ಬೇಡವೆಂದು ಇನ್ಸ್‌ಪೆಕ್ಟರಮ್ಮ ಮೇಲಿನ ಸಾಹೇಬರ ಬಳಿ ಹೇಳಿಕೊಂಡಿದ್ದಳು. "ಅದಕ್ಕೇ ರೀ ನಿಮಗೆ ಕೊಟ್ಟಿದ್ದು," ಎಂದಿದ್ದರು ಅವರು, "ಭಾವ ಬರೆದಿದ್ದಕ್ಕೆ ನಾದಿನಿ ಸಹಿ ಹಾಕ್ತಾಳೆ, ಒಂದೇ ದಿನದ ಕೆಲಸ."

ಈ ಊರನ್ನು ಭಾವನ ಲೆಕ್ಕವೇ ಉಳಿಸಿತ್ತು ಎಂಬುದರಲ್ಲೂ ಸುಳ್ಳಿರಲಿಲ್ಲ. ಜ್ವರ ಇನ್ನೂ ಒಂದು ಬೀದಿಯಲ್ಲಿದ್ದಾಗಲೇ ಇಷ್ಟು ಹಾಸಿಗೆ ಬೇಕಾಗುತ್ತದೆ, ಇಂಥ ವಾರ ಬೇಕಾಗುತ್ತದೆ ಎಂದು ಹೇಳಿದವರು ಅವರು. ಅಧಿಕಾರಿಗಳು ನಕ್ಕಿದ್ದರು. ಆ ವಾರ ಬಂದಾಗ ನಕ್ಕವರ ಮನೆಯವರೇ ಆ ಹಾಸಿಗೆಗಳ ಮೇಲೆ ಮಲಗಿದ್ದರು.

ಅಂಥ ಮನುಷ್ಯನಿಗೆ ಡಿಪೋದ ಚೀಟಿಯ ಪದ್ಧತಿ ಗೊತ್ತಿರಲಿಲ್ಲವೆ? ಗೊತ್ತಿದ್ದೂ ಬಿಟ್ಟರೆ, ಯಾರಿಗಾಗಿ?

ಇನ್ಸ್‌ಪೆಕ್ಟರಮ್ಮನ ಮನಸ್ಸಿನಲ್ಲಿ ಒಂದು ಹೆಸರು ಕೂತಿತ್ತು. ಜವಳಿ ಸಾಹುಕಾರ. ಜ್ವರ ಹಬ್ಬುವ ಮುಂಚೆ ದೂರದೂರು ಸುತ್ತಿ ಬಂದವನು, ಕೆಮ್ಮುತ್ತಲೇ ಅಂಗಡಿ ಬಾಗಿಲು ತೆಗೆದವನು. ಭಾವನ ಕಚೇರಿಗೆ ಹೊಸ ಕಂಪ್ಯೂಟರುಗಳನ್ನು ದಾನ ಮಾಡಿ ಫೋಟೋ ತೆಗೆಸಿಕೊಂಡವನೂ ಅವನೇ. ಊರಿನವರೆಲ್ಲ ಸಾಹುಕಾರನ ಚುಕ್ಕೆ ಮೊದಲನೆಯದೆಂದೇ ಗುಸುಗುಸು ಆಡಿದ್ದರು. ವರದಿ ಹೊರಬಂದಾಗ ಅವನು ಎಲ್ಲೋ ನಡುವೆ ಬಚಾವಾಗಿದ್ದ.

ದೇವರೇ, ಭಾವ ಅಷ್ಟು ಸಣ್ಣ ಮನುಷ್ಯ ಆಗದಿರಲಿ ಎಂದುಕೊಂಡಳು ಅವಳು. ಸಣ್ಣವರಾಗಿದ್ದರೂ ಪರವಾಗಿಲ್ಲ, ಒಬ್ಬ ಬಡಪಾಯಿ ಉಳಿಯಲಿ ಎಂದೂ ಅನ್ನಿಸಿತು. ಎರಡೂ ಒಟ್ಟಿಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಬೇಜಾರಾಯಿತು.

* * *

ಗಣಿತ ವಿಭಾಗ ಆರೋಗ್ಯ ಇಲಾಖೆಯ ಕಟ್ಟಡದ ಮೇಲಂತಸ್ತಿನಲ್ಲಿತ್ತು. ಮೊದಲು ಅದು ಹಳೆಯ ಮಂಚ, ಮುರಿದ ಗಾಲಿಕುರ್ಚಿ ಇಡುವ ಕೋಣೆ. ಜನ ದೂರ ದೂರ ಕೂರಲೆಂದು ಬೆಂಚಿಗೆ ಅಂಟಿಸಿದ್ದ ಅಡ್ಡಗೆರೆಯ ಟೇಪು ಇನ್ನೂ ಹೋಗಿರಲಿಲ್ಲ. ಕೈಗೆ ಹಚ್ಚುವ ದ್ರಾವಣದ ಬಾಟಲಿ ಒಣಗಿ ಬಾಯಿ ಕಟ್ಟಿಕೊಂಡಿತ್ತು.

"ಬಾ ಪುಟ್ಟಿ," ಎಂದರು ಭಾವ.

ಐವತ್ತು ದಾಟಿದ ಇನ್ಸ್‌ಪೆಕ್ಟರನ್ನು ಪುಟ್ಟಿ ಎನ್ನಲು ಊರಿನಲ್ಲಿ ಈಗ ಉಳಿದಿದ್ದವರು ಅವರೊಬ್ಬರೇ. ಅವರ ಅಂಗಿಯ ಎದೆಭಾಗಕ್ಕೆ ಮಾತ್ರ ಇಸ್ತ್ರಿ ಬಿದ್ದಿತ್ತು, ತೋಳು ಬೆನ್ನೆಲ್ಲ ಮುದುಡಿಕೊಂಡಿತ್ತು. 'ನಿಮ್ಮ ಭಾವಂಗೆ ಎದುರಿಂದ ಕಾಣೋದಷ್ಟೇ ಲೋಕ ಕಣೇ' ಎಂದು ಅಕ್ಕ ನಗುತ್ತಿದ್ದಳು.

"ಟೀ ತರಿಸ್ಲಾ?"

"ಬೇಡ ಭಾವ. ಡಿಪೋದಿಂದ ಬಂದೆ."

ಭಾವನ ಕೈ ಮೇಜಿನ ಮೇಲಿದ್ದ ಪೆನ್ನಿನ ಹತ್ತಿರ ಹೋಗಿ ನಿಂತಿತು. ಎತ್ತಿಕೊಳ್ಳಲಿಲ್ಲ.

"ಡಿಪೋದವರಿಗೆ ಅದೇ ದಿನ ಚೀಟಿ ಬೇಕು. ನಿಮಗೆ ಗೊತ್ತಾ?"

"ಲೆಕ್ಕ ಅಂದ್ರೆ ಸರಾಸರಿ ಪುಟ್ಟಿ. ಒಬ್ಬೊಬ್ಬರ ಅಭ್ಯಾಸ ಹಿಡ್ಕೊಂಡು ಕೂತ್ರೆ..."

"ಒಬ್ಬೊಬ್ಬರದ್ದಲ್ಲ, ಇಡೀ ಡಿಪೋದ್ದು. ಊರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿದು, ಯಾರಿಗೆ ಬಿಗಿ ಆಯ್ತೋ ಅವನೇ ಕಳ್ಳ ಅಂದ್ಬಿಟ್ರಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ. ಗಾದೆ ಅಂದ್ಕೊಂಡಿದ್ದೆ, ನಿಮ್ಮ ಇಲಾಖೆ ನಿಯಮ ಅಂತ ಗೊತ್ತಿರಲಿಲ್ಲ."

ಭಾವ ನಗಲು ನೋಡಿದರು. ಆಗಲಿಲ್ಲ.

"ಮೊದಲು ಯಾರು ಅಂತ ಹುಡುಕೋದು ನಮ್ಮ ಕೆಲಸವೇ ಅಲ್ಲ," ಎಂದರು. "ಒಬ್ಬರಿಂದ ಎಷ್ಟು ಜನಕ್ಕೆ ಅಂಟತ್ತೆ, ಅದನ್ನ ಒಬ್ಬರಿಗಿಂತ ಕಮ್ಮಿ ಹೇಗೆ ಮಾಡೋದು, ನಮ್ಮ ಕೆಲಸ ಇಷ್ಟು. ಕಮ್ಮಿ ಆದ್ರೆ ಜ್ವರ ತಾನಾಗೇ ಆರತ್ತೆ. ಮೊದಲನೆಯವನು ಯಾರಾದ್ರೂ ಅಷ್ಟೇ. ಆದ್ರೆ ಸತ್ತವರ ಮನೆಯವರಿಗೆ ಒಂದು ಮುಖ ಬೇಕಿತ್ತು. ಮೇಲಿನವರು ಕೇಳಿದ್ರು. ನಾನು ಕೊಟ್ಟೆ. ಕೊಡಬಾರದಾಗಿತ್ತು."

"ಕೊಟ್ಟಾಯ್ತಲ್ಲ. ಈಗ ಒಂದು ಕೆಲಸ ಮಾಡಿ. ಡಿಪೋದವರನ್ನ ಮಾತ್ರ ಅವರು ಬಂದ ದಿನಕ್ಕೇ ನಿಲ್ಲಿಸಿ. ಬೇರೆ ಯಾರನ್ನೂ ಮುಟ್ಟಬೇಡಿ. ನಿಮ್ಮ ಕಂಪ್ಯೂಟರ್ ಏನು ಹೇಳತ್ತೆ ನೋಡೋಣ."

"ಗಂಟೆಗಟ್ಟಲೆ ಹಿಡಿಯತ್ತೆ."

"ಕೂತಿರ್ತೀನಿ."

"ಕರೆಂಟ್ ಹೋದ್ರೆ?"

"ಹೋದ್ರೆ ಬರತ್ತೆ."

"ಪುಟ್ಟಿ, ಇವತ್ತು ಬೇಡ."

"ನಾಳೆ ಅವನು ಜೈಲಲ್ಲಿರ್ತಾನೆ ಭಾವ. ನನಗಿರೋದು ಇವತ್ತೇ."

ಪೊಲೀಸ್ ಕೆಲಸ ಅವಳಿಗೆ ಕಲಿಸಿದ್ದು ಬಹಳವೇನೂ ಇಲ್ಲ. ಎದುರಿಗಿರುವವರು ಸುಮ್ಮನಾದಾಗ ತಾನೂ ಸುಮ್ಮನಿರಬೇಕು ಎಂಬುದೊಂದನ್ನು ಮಾತ್ರ ಚೆನ್ನಾಗಿ ಕಲಿಸಿತ್ತು. ಅವಳು ಕುರ್ಚಿ ಎಳೆದುಕೊಂಡು ಕೂತಳು.

ಭಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕುರ್ಚಿಯನ್ನು ಕಂಪ್ಯೂಟರಿನ ಕಡೆ ತಿರುಗಿಸಿ ಒಂದು ಗುಂಡಿ ಒತ್ತಿದರು.

ಗಂಟೆಗಟ್ಟಲೆ ಹಿಡಿಯಲಿಲ್ಲ. ರೆಪ್ಪೆ ಬಡಿಯುವಷ್ಟೂ ಹಿಡಿಯಲಿಲ್ಲ. ಚಿತ್ರ ಸಿದ್ಧವಾಗಿಯೇ ಇತ್ತು.

"ಅಂದ್ರೆ ಮೊದಲೇ ಮಾಡಿ ನೋಡಿದ್ರಿ," ಎಂದಳು ಅವಳು ಮೆಲ್ಲಗೆ.

ಅವರು ಇನ್ನೊಂದು ಗುಂಡಿ ಒತ್ತಿದರು. ಪರದೆಯ ಮೇಲೆ ಚುಕ್ಕೆಗಳು ಅಲುಗಾಡಿದವು. ತುದಿಯಲ್ಲಿದ್ದ ಮೆಲ್ಲಣ್ಣನ ಕೆಂಪು ಚುಕ್ಕೆ ನಿಧಾನವಾಗಿ, ಅವನ ಬಸ್ಸಿನಷ್ಟೇ ನಿಧಾನವಾಗಿ ಕೆಳಗಿಳಿದು ಗುಂಪಿನೊಳಗೆ ಸೇರಿಕೊಂಡಿತು. ಅವನಿಂದ ಹೊರಟಿದ್ದ ಎಷ್ಟೋ ಗೆರೆಗಳು ಅಳಿಸಿಹೋಗಿ ಬೇರೆಯವರಿಂದ ಹೊರಟವು. ಈಗ ಅವನು ಅಂಟಿಸಿದವನಲ್ಲ, ಅಂಟಿಸಿಕೊಂಡವರಲ್ಲಿ ಒಬ್ಬ.

ಇನ್ಸ್‌ಪೆಕ್ಟರಮ್ಮ ಜವಳಿ ಅಂಗಡಿಯ ಚುಕ್ಕೆಯನ್ನು ಹುಡುಕಿದಳು. ಚುಕ್ಕೆಗಳಿಗೆ ಹೆಸರಿರಲಿಲ್ಲ, ಕೆಲಸದ ಜಾಗ ಮಾತ್ರ ಬರೆದಿತ್ತು. ಸಾಹುಕಾರ ಮೇಲೇರುತ್ತಾನೆಂದು ಕಾದಳು. ಅವನು ಏರಲಿಲ್ಲ, ಇನ್ನೂ ಕೆಳಗೆ ಹೋದ. ಊರವರ ಗುಸುಗುಸು ಸುಳ್ಳಾಗಿತ್ತು, ಅವಳ ಅನುಮಾನವೂ. ಅವನು ಬರೀ ಕೆಮ್ಮಿಕೊಂಡು ಬಟ್ಟೆ ಮಾರಿದವನು.

ಇನ್ನೊಂದು ಚುಕ್ಕೆ ಮೇಲಕ್ಕೆ ಹೊರಟಿತ್ತು. ಒಬ್ಬೊಬ್ಬರನ್ನೇ ದಾಟಿಕೊಂಡು ತುತ್ತತುದಿಗೆ ಹೋಗಿ ನಿಂತಿತು. ಅದರಿಂದ ಕೆಳಗೆ ಗೆರೆಗಳು ಬಿಚ್ಚಿಕೊಂಡವು.

ಅದರ ಪಕ್ಕದಲ್ಲಿ ಬರೆದಿತ್ತು: ಹೆರಿಗೆ ವಾರ್ಡು.

ಆ ವಾರ್ಡಿನ ಕೆಲಸದವರಲ್ಲಿ ಜ್ವರ ಹಿಡಿದು ಮಲಗಿದವರು ಒಬ್ಬರೇ.

ಅವಳಿಗೆ ಕೂಡಲೇ ಏನೂ ಅನ್ನಿಸಲಿಲ್ಲ. ಆಮೇಲೆ ನೆನಪಾದದ್ದು ಆಸ್ಪತ್ರೆಯ ಗಾಜಿನ ಬಾಗಿಲು. ಅದರ ಆಚೆ ಅಕ್ಕ, ಈಚೆ ತಾನು. ಅಕ್ಕ ಕೈ ಎತ್ತಿ 'ಹೋಗು, ಹೋಗು' ಎಂದು ಸನ್ನೆ ಮಾಡಿದ್ದಳು. ತಾನು ಹೋಗಿದ್ದಳು. ಇನ್ನೊಂದು ಗಳಿಗೆ ನಿಂತಿದ್ದರೆ ಏನು ಗಂಟು ಹೋಗುತ್ತಿತ್ತು?

"ಆಸ್ಪತ್ರೆ ಬಾಗಿಲಲ್ಲಿ ಅವಳ ಫೋಟೋ ಹಾಕಿದಾರೆ," ಎಂದರು ಭಾವ, ಪರದೆಯಿಂದ ಕಣ್ಣು ತೆಗೆಯದೆ. "ಸೇವೆಯಲ್ಲಿ ಪ್ರಾಣ ಕೊಟ್ಟವರು ಅಂತ ಬರೆದು. ಅವಳ ಕೈಲಿ ಹುಟ್ಟಿದ ಮಕ್ಕಳನ್ನ ಎತ್ಕೊಂಡು ಬಂದು ಜನ ಆ ಫೋಟೋ ತೋರಿಸ್ತಾರೆ. ನಾನು ಈ ಚಿತ್ರ ಕೊಟ್ಟಿದ್ರೆ ಅದೇ ಜನ ಫೋಟೋಗೆ ಕಲ್ಲು ಹೊಡೀತಿದ್ರು. ಡಿಪೋಗೆ ಒಂದು ಅಳತೆ, ಊರಿಗೆ ಒಂದು ಅಳತೆ, ನಾನೇ ಇಟ್ಟಿದ್ದೆ ಪುಟ್ಟಿ. ನಾನೇ ತೆಗೆದೆ. ಒಂದೇ ಒಂದು ಸಾಲು."

"ಒಂದು ಸಾಲು," ಎಂದಳು ಅವಳು. "ಅದರ ತೂಕ ಮೆಲ್ಲಣ್ಣನ ಹೆಂಡತಿನ ಕೇಳಿ. ಠಾಣೆ ಬೆಂಚಿನ ಮೇಲೆ ಕೂತಿದಾಳೆ."

"ಗೊತ್ತು."

"ಅಕ್ಕ ಬದುಕಿದ್ರೆ ಮಾತಾಡೋಕೂ ಮೊದಲೇ ನಿಮ್ಮ ಕೆನ್ನೆಗೆ ಹೊಡೆದಿರೋಳು."

"ಅದೂ ಗೊತ್ತು." ಅವರು ಪರದೆಯ ಮೇಲಿನ ಆ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿದರು. "ನಿನಗೆ ಗೊತ್ತಿಲ್ಲದ್ದು ಒಂದಿದೆ. ಕಂಪ್ಯೂಟರ್ ಅವಳನ್ನ ಬುಧವಾರದಲ್ಲಿ ನಿಲ್ಲಿಸಿದೆ. ಅವಳಿಗೆ ಮೈ ಬಿಸಿಯಾಗಿದ್ದು ಅದಕ್ಕೂ ಮುಂಚಿನ ಭಾನುವಾರ. 'ಸುಸ್ತು ಅಷ್ಟೇ, ವಾರ್ಡಲ್ಲಿ ಜನ ಇಲ್ಲ, ಹೋಗ್ಲೇಬೇಕು' ಅಂದ್ಲು. ಸೋಮವಾರ ಬೆಳಿಗ್ಗೆ ಸ್ಕೂಟರಲ್ಲಿ ಆಸ್ಪತ್ರೆ ಬಾಗಿಲಿಗೆ ಬಿಟ್ಟು ಬಂದೋನು ನಾನು. ಒಬ್ಬರಿಂದ ಎಷ್ಟು ಜನಕ್ಕೆ ಅಂಟತ್ತೆ ಅಂತ ಊರಿಗೆಲ್ಲ ಪಾಠ ಹೇಳೋನು! ನನ್ನ ಬೆನ್ನಿಗೆ ಒರಗಿ ಕೂತಿದ್ಲು. ಬೆನ್ನು ಸುಡ್ತಿತ್ತು. ಬಿಸಿಲು ಅಂದ್ಕೊಂಡೆ."

ಇನ್ಸ್‌ಪೆಕ್ಟರಮ್ಮನಿಗೆ ಬೈಯಬೇಕೆನ್ನಿಸಿತು. ಬೈಗುಳ ಬರಲಿಲ್ಲ. ಎದ್ದು ಹೋಗಿ ಅವರ ಹೆಗಲ ಮೇಲೆ ಕೈ ಇಟ್ಟಳು, ಇಸ್ತ್ರಿ ಕಾಣದ ಆ ಬೆನ್ನಿನ ಹತ್ತಿರ.

"ಇದನ್ನ ಹಾಗೇ ಬರೆದು ಕೊಡಿ ಭಾವ. ನಾಳೆ ನಾನೇ ಜಡ್ಜ್ ಮುಂದೆ ಇಡ್ತೀನಿ. ಅಕ್ಕನ ಹೆಸರು ಬಂದ್ರೆ ಬರಲಿ. ಸತ್ತವಳಿಗೆ ಜೈಲಿಲ್ಲ."

"ನಿನಗೆ ಕಷ್ಟ ಆಗಲ್ವಾ?"

"ಆಗತ್ತೆ," ಎಂದಳು. "ಬರೀರಿ."

ಭಾವ ಕೊನೆಗೂ ಪೆನ್ನು ಎತ್ತಿಕೊಂಡರು. ಆಗ ಅವಳ ಫೋನು ಹೊಡೆದುಕೊಂಡಿತು.

* * *

"ಮೇಡಂ, ಮುಗೀತು ಕೇಸು!" ದಫೇದಾರನ ದನಿಯಲ್ಲಿ ಸಂತೋಷವಿತ್ತೋ ಗಾಬರಿಯೋ ತಿಳಿಯಲಿಲ್ಲ. "ಮೆಲ್ಲಣ್ಣ ಒಪ್ಕೊಂಡ!"

"ಏನನ್ನ?"

"ಎಲ್ಲಾನೂ. ಭಾನುವಾರದಿಂದ ಜ್ವರ ಇತ್ತು, ಮುಚ್ಚಿಟ್ಕೊಂಡು ಬಸ್ ಓಡಿಸಿದೆ, ತಪ್ಪಾಯ್ತು ಅಂತಾನೆ. ಇಷ್ಟು ದಿನ ಇಲ್ಲ ಇಲ್ಲ ಅಂತ ತಲೆ ಚಚ್ಕೊಂಡೋನು, ಮಧ್ಯಾಹ್ನ ನಿಮ್ಮ ಭಾವ ಬಂದು ಮಾತಾಡಿ ಹೋದ್ಮೇಲೆ ತೆಪ್ಪಗೆ ಕೂತಿದ್ದ. ಈಗ ಒಪ್ಕೊಂಡಿದಾನೆ."

ಅವಳು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. "ನನ್ನ ಭಾವ ಅಲ್ಲಿಗೆ ಬಂದಿದ್ರಾ?"

"ನೀವೇ ಕಳಿಸಿದ್ದು ಅಂತ ಅವರೇ ಅಂದ್ರಲ್ಲ ಮೇಡಂ! ಆಗ್ಲೇ ಕೇಳೋಣ ಅಂದ್ಕೊಂಡೆ, ಫೋನು ಬಂತು. ಇನ್ನೊಂದು ವಿಷಯ. ಒಪ್ಕೊಂಡ ಸುದ್ದಿ ಹೇಗೋ ಆಚೆ ಹೋಗಿದೆ. ಗೇಟ್ ಹತ್ರ ಜನ ಸೇರ್ತಿದಾರೆ. ಮೊದಲು ನಾಲ್ಕು ಜನ ಇದ್ರು, ಈಗ ಎಣಿಸೋಕಾಗಲ್ಲ."

"ಫೋನ್ ಇಡಬೇಡಿ. ಹಿಡ್ಕೊಂಡಿರಿ."

ಅವಳು ಭಾವನ ಕಡೆ ತಿರುಗಿದಳು. ಹೆಗಲ ಮೇಲಿದ್ದ ಕೈ ಆಗಲೇ ಹಿಂದಕ್ಕೆ ಬಂದಿತ್ತು.

"ಏನು ಹೇಳಿದ್ರಿ ಅವನಿಗೆ?"

"ಕ್ಷಮೆ ಕೇಳೋಕೆ ಹೋಗಿದ್ದೆ ಪುಟ್ಟಿ, ಆಣೆಗೂ. ಮೊದಲನೆಯವನು ನೀನಲ್ಲ, ನನ್ನ ಹೆಂಡತಿ, ನಾನು ಲೆಕ್ಕ ತಿರುಚಿದೆ ಅಂತ ಹೇಳಿದೆ. ಅವನು ಬೈಲಿಲ್ಲ. 'ನರ್ಸಮ್ಮಂಗೆ ಜ್ವರ ಯಾವತ್ತು ಶುರುವಾಯ್ತು ಸಾರ್' ಅಂತ ಮಾತ್ರ ಕೇಳಿದ. ಭಾನುವಾರ ಅಂದೆ. ಅತ್ತುಬಿಟ್ಟ. ಅವಳ ಮೇಲಿನ ಋಣಕ್ಕೆ ಈ ಸುಳ್ಳು ಒಪ್ಕೊಂಡಿದಾನೇನೋ. ಅವನ ಮಗು ಹುಟ್ಟಿದ್ದು ಅವಳ ಕೈಲೇ ಅಲ್ವಾ? ಹೆರಿಗೆ ಆದ್ಮೇಲೂ ತಾಯಿ ಮಗುನ ನೋಡೋಕೆ ಅವರ ಮನೆಗೆ ಹೋಗಿ ಬರ್ತಿದ್ಲು."

"ಸುಳ್ಳು ಅಂತೂ ಹೌದು," ಎಂದಳು ಅವಳು. "ಭಾನುವಾರ ಅಂತಾನೆ. ಅವನಿಗೆ ಭಾನುವಾರ ಜ್ವರ ಬಂತು ಅಂತ ಹೇಳಿದ್ದು ನಿಮ್ಮ ಲೆಕ್ಕ ಒಂದೇ. ತಪ್ಪಾದ ಲೆಕ್ಕಕ್ಕೆ ಸರಿಯಾಗಿ ಹೊಂದೋ ತಪ್ಪೊಪ್ಪಿಗೆ ನಿಜವಾಗಿರೋಕೆ ಹೇಗೆ ಸಾಧ್ಯ? ನಾವು ಓದಿ ಹೇಳಿದ್ದನ್ನೇ ನಮಗೆ ತಿರುಗಿ ಒಪ್ಪಿಸ್ತಿದಾನೆ."

ಆದರೆ ಋಣಕ್ಕಾಗಿ ಒಬ್ಬ ಗಂಡಸು ಹಸುಗೂಸನ್ನು ಬಿಟ್ಟು ಜೈಲಿಗೆ ಹೋಗುತ್ತಾನೆಯೆ? ಸತ್ತವಳ ಫೋಟೋ ಕಾಪಾಡಲು? ಅಷ್ಟು ವರ್ಷ ಜನರನ್ನು ನೋಡಿದ ಅವಳ ಮನಸ್ಸು ಒಪ್ಪಲಿಲ್ಲ. ಮನುಷ್ಯ ಸತ್ತವರಿಗಾಗಿ ಅಳುತ್ತಾನೆ. ಸುಳ್ಳು ಹೇಳುವುದು ಬದುಕಿರುವವರಿಗಾಗಿ.

ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡಳು. "ದಫೇದಾರ್ರೇ, ಬೇರೆ ಏನಾದ್ರೂ ಹೇಳಿದ್ನಾ? ನೆನಪು ಮಾಡ್ಕೊಂಡು ಹೇಳಿ."

"ಏನೂ ಇಲ್ಲ ಮೇಡಂ. ಹಾಂ, ಒಂದು ಷರತ್ತು ಹಾಕ್ದ. ನಗು ಬಂತು ನನಗೆ. ಏನು ಬೇಕಾದ್ರೂ ಶಿಕ್ಷೆ ಕೊಡ್ಲಿ, ಆದ್ರೆ ಹೆಂಡತಿ ರಕ್ತ ಮಾತ್ರ ಯಾರೂ ಪರೀಕ್ಷೆಗೆ ತೆಗೀಬಾರದಂತೆ. ಅವಳಿಗೆ ಸೂಜಿ ಅಂದ್ರೆ ಭಯವಂತೆ."

ಅವಳ ಕಣ್ಣು ತಾನಾಗಿ ಪರದೆಯ ಕಡೆ ಹೋಯಿತು. ತುದಿಯಲ್ಲಿ ಅಕ್ಕ. ಅಕ್ಕನ ಮೇಲೆ ಬರೀ ಬಿಳಿ.

"ಭಾವ," ಎಂದಳು, ದನಿ ತನ್ನದೇ ಎಂದು ಅವಳಿಗೆ ಗೊತ್ತಾಗಲಿಲ್ಲ. "ಜ್ವರ ಬಂದೂ ಆಸ್ಪತ್ರೆಗೇ ಬರದೆ, ಮನೇಲೇ ವಾಸಿ ಆದವರಿಗೆ ಚುಕ್ಕೆ ಎಲ್ಲಿ ಹಾಕ್ತೀರಿ?"

ಭಾವ ತಲೆ ಎತ್ತಿದರು. ಪೆನ್ನನ್ನು ಮತ್ತೆ ಮೇಜಿನ ಮೇಲಿಟ್ಟರು.

"ಎಲ್ಲೂ ಹಾಕಲ್ಲ," ಎಂದರು. "ಅವರು ನಮಗೆ ಕಾಣಲ್ಲ. ರಕ್ತ ಪರೀಕ್ಷೆ ಮಾಡಿದ್ರೆ ಮಾತ್ರ ಜ್ವರ ಬಂದು ಹೋಗಿದ್ದು ಗೊತ್ತಾಗತ್ತೆ."

"ಅದಕ್ಕೇ ಅವನು ಅತ್ತಿದ್ದು. ನೀವು ಭಾನುವಾರ ಅಂದಾಗ ಅವನ ಮನಸ್ಸಿನಲ್ಲಿ ಲೆಕ್ಕ ಮುಗಿದುಹೋಯ್ತು. ಅಕ್ಕನಿಗೆ ಎಲ್ಲಿಂದ ಅಂಟಿತು ಅಂತ. ಅದಕ್ಕೂ ಮೊದಲೇ ಅವನ ಹೆಂಡತಿಗೆ ಮನೇಲೇ ಜ್ವರ ಬಂದು ಹೋಗಿರಬೇಕು." ಅವಳು ಫೋನಿಗೆ ಕೂಗಿದಳು. "ದಫೇದಾರ್ರೇ! ಮೆಲ್ಲಣ್ಣನ ಹೆಂಡತಿ ಎಲ್ಲಿ? ಬೆಂಚ್ ಮೇಲೇ ಇದಾಳಾ?"

"ಇಲ್ಲೇ ಇದ್ರು ಮೇಡಂ. ಗಂಡ ಒಪ್ಕೊಂಡಿದ್ದನ್ನ ಕಿಟಕಿಯಿಂದ ಕೇಳಿಸ್ಕೊಂಡ್ರು. ಮಗೂನ ನನ್ನ ಕೈಗೆ ಕೊಟ್ಟು, ಒಂದ್ನಿಮಿಷ ನೋಡ್ಕೊಳ್ಳಿ ಅಣ್ಣ, ಆ ಜನಕ್ಕೆ ಒಂದು ಮಾತು ಹೇಳಿ ಬರ್ತೀನಿ ಅಂದ್ರು. ಗೇಟ್ ಕಡೆ ಹೋದ್ರು."

ಫೋನಿನ ಆಚೆಯಿಂದ ಗುಂಪಿನ ಗದ್ದಲ ಕೇಳುತ್ತಿತ್ತು. ಅದು ಇದ್ದಕ್ಕಿದ್ದಂತೆ ನಿಂತಿತು, ಯಾರೋ ಒಬ್ಬರು ಮಾತಾಡಲು ಶುರುಮಾಡಿದಾಗ ನಿಲ್ಲುವ ಹಾಗೆ.

"ತಡೀರಿ ಅವಳನ್ನ! ಬಿಟ್ಟಿದ್ದಾದ್ರೂ ಯಾಕೆ ನೀವು?"

"ಯಾಕೆ ತಡೀಬೇಕು ಮೇಡಂ?" ಎಂದ ದಫೇದಾರ. "ಅವರ ಮೇಲೇನೂ ಇಲ್ವಲ್ಲ."